ನಲವತ್ತೊಂದನೇ ನಂಬರಿನ ಕೊನೆಯ ಸುತ್ತು

ಲಿವರ್‌ಪೂಲ್

ಹಡಗುಕಟ್ಟೆಯ ತಪಾಸಣೆಯವನು ನನ್ನ ಚೀಲಕ್ಕೆ ಕೈಹಾಕಿ ಮೊದಲು ಹೊರತೆಗೆದದ್ದು ಖಾರದ ಅವಲಕ್ಕಿಯ ಪೊಟ್ಟಣ. ಅದನ್ನು ಮೂಸಿ ಪಕ್ಕಕ್ಕಿಟ್ಟ. ಆಮೇಲೆ ಅವನ ಕೈಗೆ ಬಂದದ್ದು ಗೇಣುದ್ದದ ಒಂದು ಕಬ್ಬಿಣದ ತುಂಡು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಇದೇನು?"

"ಬೈಕಿನ ಪ್ಲಗ್ಗು ಬಿಚ್ಚುವ ಪಾನಾ. ಒಬ್ಬರಿಗೆ ಉಡುಗೊರೆ."

"ಯಾರಿಗೆ?"

"ಹೆಸರು ಗೊತ್ತಿಲ್ಲ. ಅವರ ನಂಬರು ನಲವತ್ತೊಂದು."

ಇಂಥ ಉತ್ತರ ಕೊಟ್ಟವನನ್ನು ನಮ್ಮಲ್ಲಾದರೆ ದೊಡ್ಡ ಸಾಹೇಬರು ಬರುವ ತನಕ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಆತ ಮಾತ್ರ ಮುಖ ಅರಳಿಸಿ, "ಓ, ರೇಸಿಗೆ ಹೊರಟಿರಾ" ಎಂದವನೇ ಪಾನಾವನ್ನು ನನ್ನ ಟವೆಲ್ಲಿನಲ್ಲಿ ಜೋಪಾನವಾಗಿ ಸುತ್ತಿ ಒಳಗಿಟ್ಟ. ಅವಲಕ್ಕಿಯನ್ನು ಇನ್ನೊಮ್ಮೆ ಮೂಸಿದ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ನಂಜನಗೂಡಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು, ಮನೆ ತಿ. ನರಸೀಪುರ. ಶಿಕ್ಷಕರನ್ನು ಅದಲು ಬದಲು ಮಾಡುವ ಒಂದು ಕಾರ್ಯಕ್ರಮದಲ್ಲಿ ಒಂದು ತಿಂಗಳ ಮಟ್ಟಿಗೆ ಇಂಗ್ಲೆಂಡಿನ ಶಾಲೆಗೆ ಬಂದಿದ್ದೆ. ನಡುವೆ ಒಂದು ವಾರ ರಜೆ ಸಿಕ್ಕಿತು. ಜೊತೆಗೆ ಬಂದಿದ್ದ ಮೇಷ್ಟ್ರುಗಳೆಲ್ಲ ಲಂಡನ್ ನೋಡಲು ಹೊರಟರು. ನಾನು ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಕೂತಿರುವ ಮ್ಯಾನ್ ದ್ವೀಪಕ್ಕೆ ಹೊರಟೆ. ಅಲ್ಲಿ ಊರ ರಸ್ತೆಗಳನ್ನೇ ಮುಚ್ಚಿ ಮೋಟಾರ್ ಬೈಕುಗಳ ರೇಸು ನಡೆಸುತ್ತಾರೆ. ನೋಡುವ ಆಸೆಗಿಂತ ಹೆಚ್ಚಾಗಿ ನಾನು ಹೋಗುತ್ತಿದ್ದದ್ದು ಹತ್ತು ವರ್ಷ ಹಿಂದೆ ಹೇಳಿದ ಒಂದು ಸುಳ್ಳಿನ ಬೆನ್ನು ಹತ್ತಿ. ಹಡಗಿನ ನಾಲ್ಕು ಗಂಟೆಯೂ ಪಾನಾ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ನಂಜನಗೂಡು, ಅದಕ್ಕೂ ಹತ್ತು ವರ್ಷ ಮುಂಚೆ

ಬಸ್ ಸ್ಟ್ಯಾಂಡಿನ ಹಿಂದೆ ಮಲ್ಲಪ್ಪಣ್ಣನವರ ಬೈಕ್ ರಿಪೇರಿ ಅಂಗಡಿ ಇತ್ತು. ಅವರು ಹೆಡತಲೆಯ ಕಡೆಯವರು. ಜಮೀನನ್ನು ತಮ್ಮನಿಗೆ ಬಿಟ್ಟು, ಹಣೆಗೆ ವಿಭೂತಿ ಇಟ್ಟು, ಬೆಳಿಗ್ಗೆ ಎಂಟಕ್ಕೆ ಗ್ರೀಸಿಗೆ ಕೈಹಾಕಿದರೆ ಸಂಜೆ ತನಕ ಎದ್ದವರಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನರಸೀಪುರದ ಬಸ್ಸಿಗೆ ಕಾಯುವುದು ಅವರ ಬೆಂಚಿನ ಮೇಲೆಯೇ. ಆ ಬಸ್ಸು ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲವಾದ್ದರಿಂದ ನನ್ನ ಜೀವನದ ಎಷ್ಟೋ ಒಳ್ಳೆಯ ಗಂಟೆಗಳು ಆ ಬೆಂಚಿನ ಮೇಲೆ ಕಳೆದಿವೆ.

ಅಂಗಡಿಯಲ್ಲಿ ಬ್ಯಾಟರಿಯ ಒಂದು ದೊಡ್ಡ ರೇಡಿಯೋ. ಅದರ ಏರಿಯಲ್ ತಂತಿ ಹಿಂದಿನ ಬೇವಿನ ಮರ ಹತ್ತಿ ಕೂತಿತ್ತು. ಶಾರ್ಟ್‌ವೇವಿನಲ್ಲಿ ಇಂಗ್ಲಿಷ್ ಕೇಂದ್ರವೊಂದು ಶನಿವಾರದ ಆಟೋಟದ ಕಾರ್ಯಕ್ರಮದಲ್ಲಿ ನಡುನಡುವೆ ರೇಸು ನಡೆಯುವ ಜಾಗಕ್ಕೆ ಹೋಗಿ ಬರುತ್ತಿತ್ತು. ಒಂದು ಸಂಜೆ ಆ ಸದ್ದು ಕೇಳಿ ಮಲ್ಲಪ್ಪಣ್ಣ ಪಾನಾ ಕೆಳಗಿಟ್ಟರು. "ಮೇಷ್ಟ್ರೆ, ಇದು ನಾಲ್ಕು ಸಿಲಿಂಡ್ರು ಕಣ್ ಸಾ. ಏನಂತವ್ನೆ ಯೋಳಿ" ಎಂದರು. ಹಾಗೆ ಶುರುವಾಯಿತು ನನ್ನ ಕನ್ನಡ ವೀಕ್ಷಕ ವಿವರಣೆ.

ಇಂಗ್ಲಿಷಿನವನು ಹೇಳುವ ಊರುಗಳ ಹೆಸರು ಕೇಳಿ ಅಲ್ಲಿದ್ದ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಆದ್ದರಿಂದ ನಾನೊಂದು ಉಪಾಯ ಮಾಡಿದೆ. ರೇಸಿನ ದಾರಿಯನ್ನು ಪೂರ್ತಿ ನಮ್ಮೂರಿಗೆ ತಂದುಬಿಟ್ಟೆ. ಅಲ್ಲಿಯ ಬೆಟ್ಟ ಚಾಮುಂಡಿ ಬೆಟ್ಟವಾಯಿತು. ಬೈಕುಗಳು ಗಾಳಿಗೆ ಜಿಗಿಯುವ ಒಂದು ಸೇತುವೆ ನಮ್ಮ ಕಪಿಲಾ ಹೊಳೆಯ ಸೇತುವೆಯಾಯಿತು. ಎಡಕ್ಕೆ ತಿರುಗುವ ತಿರುವೆಲ್ಲ ಹೆಡತಲೆ ತಿರುವು, ನೇರ ರಸ್ತೆಯೆಲ್ಲ ಹದಿನಾರು ಎಂಬ ಊರಿನ ರಸ್ತೆ. "ನೋಡಿ, ಹದಿನಾರು ದಾಟಿದ, ಈಗ ಸೇತುವೆ, ಎರಡು ಚಕ್ರವೂ ನೆಲ ಬಿಟ್ಟವು" ಎಂದರೆ ಬೆಂಚಿನ ಮೇಲಿದ್ದ ಹತ್ತು ಹನ್ನೆರಡು ಜನ, ಎದುರಿನ ಟೀ ಅಂಗಡಿಯವರೂ ಸೇರಿ, ಹೊಳೆಯ ಕಡೆಗೆ ಕತ್ತು ತಿರುಗಿಸುತ್ತಿದ್ದರು. ನನಗೆ ಅದರ ರುಚಿ ಹತ್ತಿತು. ಪಾಠ ಹೇಳುವಾಗ ಹುಡುಗರು ಯಾವತ್ತೂ ಹಾಗೆ ಕತ್ತು ತಿರುಗಿಸಿದ್ದಿಲ್ಲ.

ಆ ರೇಸಿನಲ್ಲಿ ಸವಾರರನ್ನು ಒಟ್ಟಿಗೆ ಬಿಡುವುದಿಲ್ಲ. ಒಬ್ಬರ ಹಿಂದೆ ಒಬ್ಬರು, ಕೆಲವು ಸೆಕೆಂಡುಗಳ ಅಂತರದಲ್ಲಿ ಹೊರಡುತ್ತಾರೆ. ಮುಂದೆ ಹೋಗುವವನೇ ಗೆಲ್ಲುತ್ತಾನೆ ಎಂದಿಲ್ಲ, ಗಡಿಯಾರವೇ ತೀರ್ಮಾನ. ರಸ್ತೆ ಬದಿ ನಿಂತವನಿಗೂ ಯಾರು ಗೆಲ್ಲುತ್ತಿದ್ದಾರೆಂದು ರೇಡಿಯೋ ಹೇಳಿದರೇ ಗೊತ್ತು. ಒಂದು ವರ್ಷ ಜೂನಿನಲ್ಲಿ, ಮಧ್ಯಾಹ್ನ ನಾಲ್ಕರ ಮೇಲೆ, ಆ ಕೇಂದ್ರದವನು ನಲವತ್ತೊಂದನೇ ನಂಬರಿನ ಬಗ್ಗೆ ಹೇಳತೊಡಗಿದ. ಎಲ್ಲೋ ಗ್ಯಾರೇಜಿನಲ್ಲಿ ಕೆಲಸ ಮಾಡುವ ಮೆಕ್ಯಾನಿಕ್ಕಂತೆ. ಬೈಕನ್ನು ತಾನೇ ಕೂಡಿಸಿ ಕಟ್ಟಿದ್ದಾನಂತೆ. ಹೆಸರು ಗೊರಗೊರದಲ್ಲಿ ಹೋಯಿತು. ನಂಬರು ಮಾತ್ರ ಸ್ಪಷ್ಟವಾಗಿ ಕೇಳಿತು. ಗಡಿಯಾರದ ಲೆಕ್ಕದಲ್ಲಿ ಅವನು ಎರಡನೆಯವನು, ಮೊದಲಿನವನಿಗೂ ಅವನಿಗೂ ಮೂರೇ ಸೆಕೆಂಡು.

ಮಲ್ಲಪ್ಪಣ್ಣ ಸ್ಟೂಲು ಎಳೆದುಕೊಂಡು ನನ್ನ ಮುಂದೆ ಕೂತರು. ಅದೇ ವಾರ ಅವರು ಅಂಗಡಿ ಮುಚ್ಚಿ ಮೈಸೂರಿನ ಒಂದು ದೊಡ್ಡ ಶೋರೂಮಿಗೆ ಕೆಲಸಕ್ಕೆ ಸೇರುವುದೆಂದು ಹೇಳಿಯಾಗಿತ್ತು. ಒಬ್ಬನೇ ಕೂತು ದುಡಿಯುವವನ ಕಾಲ ಮುಗಿಯಿತು ಎನ್ನುತ್ತಿದ್ದರು. "ನಮ್ಮಂಗೆ ಕೈಯಾಗೆ ಮಾಡಿರೋನು ಕಣ್ ಸಾ. ಏನಾಯ್ತದೆ ನೋಡುವ" ಎಂದರು.

ಕೊನೆಯ ಸುತ್ತು. ಬೆಟ್ಟದ ಬುಡ. ಅಲ್ಲಿಗೆ ರೇಡಿಯೋ ಮಾತು ನಿಲ್ಲಿಸಿ ಬರೀ ಸುಯ್ಗುಟ್ಟಿತು. ಮುಳ್ಳು ತಿರುಗಿಸಿದೆ, ತಂತಿ ಎಳೆದೆ, ಏನೂ ಇಲ್ಲ. ತಲೆಯೆತ್ತಿದರೆ ಎಲ್ಲರ ಕಣ್ಣೂ ನನ್ನ ಬಾಯ ಮೇಲೆ. ಮಲ್ಲಪ್ಪಣ್ಣನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತ್ತು. ಕೇಳಿಸುತ್ತಿಲ್ಲ ಎಂದು ಹೇಳುವುದಕ್ಕೆ ಅರ್ಧ ನಿಮಿಷವೂ ಬೇಕಿರಲಿಲ್ಲ. ನಾನು ಕಿವಿಯನ್ನು ರೇಡಿಯೋಗೆ ಅಂಟಿಸಿಕೊಂಡು, ಸುಯ್ಯೆನ್ನುವ ಸದ್ದನ್ನೇ ಕೇಳುತ್ತಾ, ನಲವತ್ತೊಂದನೇ ನಂಬರನ್ನು ಚಾಮುಂಡಿ ಬೆಟ್ಟ ಹತ್ತಿಸಿ, ಇಳಿಸಿ, ಬಸ್ ಸ್ಟ್ಯಾಂಡಿಗೆ ತಂದು ಎರಡು ಸೆಕೆಂಡಿನಲ್ಲಿ ಗೆಲ್ಲಿಸಿಬಿಟ್ಟೆ.

ಮಲ್ಲಪ್ಪಣ್ಣ ಅತ್ತರು. ಎಲ್ಲರಿಗೂ ಬೂಂದಿ ಲಾಡು ತರಿಸಿದರು. ಸೋಮವಾರ ಶೋರೂಮಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದರು. ಮುಂದಿನ ಹತ್ತು ವರ್ಷ ಕೆಲಸ ಕಲಿಯಲು ಬಂದ ಪ್ರತಿಯೊಬ್ಬನಿಗೂ ಮೊದಲ ದಿನ ಆ ಕಥೆ ಹೇಳುತ್ತಿದ್ದರು, ನಾನು ಬೆಂಚಿನ ಮೇಲೆ ಕೂತಿದ್ದರೆ ಸಾಕ್ಷಿಗೆ ನನ್ನ ಕಡೆ ಕೈ ತೋರಿಸಿ. ನಾನು ತಲೆಯಾಡಿಸುತ್ತಿದ್ದೆ. ಇಂಗ್ಲೆಂಡಿಗೆ ಹೊರಟೆನೆಂದು ಗೊತ್ತಾದ ದಿನ ಹಳೇ ಲಾರಿಯ ಆ್ಯಕ್ಸಲ್ ಕಡಿದು ಒಂದು ಪಾನಾ ಮಾಡಿ ತಂದರು. "ಗೆದ್ದೋರ್ಗೆ ನಂಜನಗೂಡಿನ ಮಲ್ಲಪ್ಪ ಕೊಟ್ಟ ಅನ್ನಿ ಸಾ. ಎಂಗಾರ ಮಾಡಿ ಉಡ್ಕಿ ಕೊಟ್ಬುಟ್ಟು ಬನ್ನಿ."

ಡಗ್ಲಸ್

ರೇಸಿನ ಎರಡು ವಾರ, ಹಡಗು ಬಂದು ನಿಲ್ಲುವ ಈ ಊರಿನವರು ಮನೆಯ ಒಂದೊಂದು ಕೋಣೆಯನ್ನು ಬಂದವರಿಗೆ ಬಿಟ್ಟುಕೊಡುತ್ತಾರೆ. ನಾನಿದ್ದದ್ದು ಮಾರ್ಗರೆಟ್ ಎಂಬ ಅಜ್ಜಿಯ ಮನೆಯಲ್ಲಿ. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಮಾಂಸ ತಿನ್ನುವುದಿಲ್ಲವೆಂದು ಕೇಳಿ ಬಹಳ ಸಂತೋಷದಿಂದ ಮೀನು ಹುರಿದು ತಂದಿಟ್ಟರು. ಅದನ್ನೂ ತಿನ್ನುವುದಿಲ್ಲ ಎಂದಾಗ ನನ್ನ ತಾಯಿಯ ಬಗ್ಗೆ ಮರುಕಪಟ್ಟರು.

ಅವರ ಮನೆಯಲ್ಲಿ ಐದು ರೇಡಿಯೋ ಇದ್ದವು. ಅಡುಗೆಮನೆಗೊಂದು, ನಡುಮನೆಗೊಂದು, ಬಚ್ಚಲಿಗೂ ಒಂದು. ಎಲ್ಲವೂ ದ್ವೀಪದ ಅದೇ ಒಂದು ಕೇಂದ್ರಕ್ಕೆ ತಿರುಗಿಸಿದ್ದವು. ಪಾತ್ರೆ ಹಿಡಿದು ಒಳಗಿಂದ ಹೊರಗೆ ಓಡಾಡಿದರೂ ರೇಸಿನ ಒಂದು ಮಾತೂ ತಪ್ಪಬಾರದು. ನನಗೆ ನಂಜನಗೂಡಿನ ಪೇಟೆ ಬೀದಿ ನೆನಪಾಯಿತು. ಕ್ರಿಕೆಟ್ ಇದ್ದ ದಿನ ದೇವಸ್ಥಾನದ ಕಡೆಯಿಂದ ಬಸ್ ಸ್ಟ್ಯಾಂಡಿಗೆ ನಡೆದು ಬಂದರೆ ದರ್ಜಿಯ ಅಂಗಡಿಯಲ್ಲಿ ಶುರುವಾದ ಓವರು ಬಟ್ಟೆ ಅಂಗಡಿ, ಕಿರಾಣಿ ಅಂಗಡಿ ದಾಟಿ ಹೋಟೆಲಿನ ಹತ್ತಿರ ಮುಗಿಯುತ್ತಿತ್ತು. ನಿಲ್ಲದೆ ನಡೆದರೂ ಒಂದು ಬಾಲೂ ತಪ್ಪುತ್ತಿರಲಿಲ್ಲ. ಟೀವಿ ಬಂದ ಮೇಲೆ ಆ ಬೀದಿಯಲ್ಲಿ ಜನ ಒಂದೊಂದು ಅಂಗಡಿಯ ಮುಂದೆ ಗುಂಪುಗೂಡಿ ನಿಂತರು. ನಡೆಯುತ್ತಾ ಕೇಳುವ ಆ ಸುಖ ಹೋಯಿತು. ಅದು ಇಲ್ಲಿ ಒಂದು ಅಜ್ಜಿಯ ಮನೆಯಲ್ಲಿ ಉಳಿದಿರುವುದು ಕಂಡು ನನಗೆ ಎದೆ ತುಂಬಿ ಬಂತು.

ಮೊದಲ ದಿನ ರೇಸಿರಲಿಲ್ಲ. ಬಸ್ಸಿನಲ್ಲಿ ದಕ್ಷಿಣಕ್ಕೆ ಹೋದೆ. ದಾರಿಯಲ್ಲೊಂದು ಪುಟ್ಟ ಸೇತುವೆ. ಅಲ್ಲಿ ಅದೃಶ್ಯ ದೇವತೆಗಳಿದ್ದಾರಂತೆ, ಹಾದು ಹೋಗುವವರು ನಮಸ್ಕಾರ ಹೇಳದಿದ್ದರೆ ಕೆಡುಕಂತೆ. ಬಸ್ಸಿನವರೆಲ್ಲ ಸಣ್ಣದನಿಯಲ್ಲಿ ಹಲೋ ಎಂದರು. ನಾನು ಅಭ್ಯಾಸಬಲದಿಂದ ಎರಡೂ ಕೈ ಮುಗಿದು ಕಣ್ಣಿಗೊತ್ತಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು, "ನಿಮ್ಮದು ನಮ್ಮದಕ್ಕಿಂತ ಚೆನ್ನಾಗಿದೆ" ಎಂದರು. ಅದೇ ಹೊತ್ತಿಗೆ ನಲವತ್ತೊಂದನೇ ನಂಬರಿನವನು ಬದುಕಿರಲಿ ಎಂದೂ ಬೇಡಿಕೊಂಡೆ. ಆ ರೇಸಿನಲ್ಲಿ ಜನ ಸಾಯುತ್ತಾರೆಂಬುದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಅಲ್ಲಲ್ಲಿ ರಸ್ತೆ ಬದಿ ಹೂವು ಇಟ್ಟಿದ್ದರು.

ಬಲಾಫ್ ಸೇತುವೆ

ಮಾರನೆಯ ದಿನ ಮಾರ್ಗರೆಟ್ ನನ್ನನ್ನು ಬಲಾಫ್ ಎಂಬ ಹಳ್ಳಿಗೆ ಕರೆದುಕೊಂಡು ಹೋದರು. ನನ್ನ ವಿವರಣೆಯ ಕಪಿಲಾ ಸೇತುವೆ ಇದೇ. ನೋಡಿ ನಾಚಿಕೆಯಾಯಿತು. ಹದಿನಾರು ರಸ್ತೆಯ ಮೋರಿಗಿಂತ ತುಸು ದೊಡ್ಡದು, ಅಷ್ಟೆ. ಅದರ ಕೆಳಗೆ ಹಸು ನಿಂತರೆ ಕೊಂಬು ತಾಗೀತು.

ಸೇತುವೆಯನ್ನು ಆಚೆ ಬದಿಯಿಂದ ನೋಡೋಣವೆಂದು ರಸ್ತೆ ದಾಟಿದೆ. ಊಟದ ಚೀಲ ಈಚೆ ಬದಿಯಲ್ಲಿ ಮಾರ್ಗರೆಟ್ ಹತ್ತಿರ ಉಳಿಯಿತು. ಅಷ್ಟರಲ್ಲಿ ಕಿತ್ತಳೆ ಬಣ್ಣದ ಅಂಗಿಯವರು ಬಂದು ರಸ್ತೆ ಮುಚ್ಚಿತು ಎಂದರು. ಮುಚ್ಚಿತೆಂದರೆ ಮುಚ್ಚಿತು. ಇನ್ನು ಮೂರು ಗಂಟೆ ಯಾರೂ ದಾಟುವಂತಿಲ್ಲ. ಇಪ್ಪತ್ತು ಅಡಿ ಆಚೆ ಮಾರ್ಗರೆಟ್ ನನ್ನ ಬ್ರೆಡ್ಡು-ಚಟ್ನಿಯನ್ನು ಎತ್ತಿ ತೋರಿಸಿ, ಕೈಯಲ್ಲಾಡಿಸಿ, ಕೊನೆಗೆ ತಾವೇ ತಿಂದರು.

ನನ್ನ ಬದಿಯ ಗೋಡೆಯ ಮೇಲೆ ಒಬ್ಬ ಮುದುಕರು ಕೂತಿದ್ದರು. ತೊಡೆಯ ಮೇಲೆ ರೇಡಿಯೋ, ಕೈಯಲ್ಲಿ ಪುಸ್ತಕ, ಪೆನ್ಸಿಲ್. ನನ್ನ ಪಾಡು ನೋಡಿ ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದರು. ಹೆಸರು ಹ್ಯಾರಿ. ಮೂವತ್ತು ವರ್ಷ ಇದೇ ರೇಸಿಗೆ ರೇಡಿಯೋದಲ್ಲಿ ವಿವರಣೆ ಕೊಟ್ಟವರು ಎಂದು ತಿಳಿದಾಗ ತೆಗೆದುಕೊಂಡ ಬಿಸ್ಕತ್ತನ್ನು ಪೊಟ್ಟಣಕ್ಕೇ ವಾಪಸಿಟ್ಟೆ.

ರೇಡಿಯೋದವನು ಹಿಂದಿನ ಹಳ್ಳಿಯ ಹೆಸರು ಹೇಳಿದ ಕೂಡಲೆ ಗೋಡೆಯ ಮೇಲಿದ್ದವರೆಲ್ಲ ಟೀ ಲೋಟ ಕೆಳಗಿಟ್ಟು ತಿರುವಿನ ಕಡೆ ನೋಡುವರು. ಬೈಕು ಬಂದು, ಜಿಗಿದು, ಎದೆ ನಡುಗಿಸಿ ಹೋಗುವುದು. ಮತ್ತೆ ಲೋಟ ಎತ್ತಿಕೊಳ್ಳುವರು. ಅದರ ನಡುವೆ ಹ್ಯಾರಿ ಹಳೆಯ ಕಾಲದ್ದನ್ನು ಹೇಳುತ್ತಾ ಹೋದರು. ಅವರ ತಂದೆಯ ಕಾಲದಲ್ಲಿ ಮೈಕು ಇರುತ್ತಿದ್ದದ್ದು ಹೊರಡುವ ಜಾಗದಲ್ಲಿ ಮಾತ್ರವಂತೆ. ಬೈಕುಗಳು ಹೋದ ಮೇಲೆ ಮತ್ತೆ ಬರುವ ತನಕ ವಿವರಣೆಗಾರ ಹವೆಯ ಬಗ್ಗೆ ಮಾತಾಡಬೇಕು. ಬೈಕಿನ ಸದ್ದು ಮನೆಯವರಿಗೆ ಕೇಳಲೆಂದು ಮಾತು ನಿಲ್ಲಿಸಿ ಮೈಕನ್ನು ರಸ್ತೆಯ ಕಡೆ ಹಿಡಿಯುತ್ತಿದ್ದರಂತೆ. ಜನಕ್ಕೆ ಮಾತಿಗಿಂತ ಅದೇ ಇಷ್ಟ. ಆಮೇಲೆ ಬೇಲಿಯುದ್ದಕ್ಕೂ ಟೆಲಿಫೋನ್ ತಂತಿ ಎಳೆದರು. ಒಂದೊಂದು ಹಳ್ಳಿಯಲ್ಲಿ ಒಬ್ಬೊಬ್ಬನನ್ನು ಕೂರಿಸಿದರು. ಇವನು ಕಂಡದ್ದನ್ನು ಹೇಳಿ ಮುಂದಿನವನಿಗೆ ಮಾತು ದಾಟಿಸುವನು. ಆಮೇಲೆ ದ್ವೀಪಕ್ಕೆ ತನ್ನದೇ ಕೇಂದ್ರ ಬಂತು. ಬೆಳಗಿನಿಂದ ಸಂಜೆ ತನಕ ರೇಸೇ ರೇಸು.

"ಮಂಜು ಇಳಿದು ಏನೂ ಕಾಣದಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿದೆ.

"ಕಾಣುತ್ತಿಲ್ಲ ಎಂದು ಹೇಳುತ್ತಿದ್ದೆ."

"ಯಾವತ್ತೂ ಊಹೆ ಮಾಡಲಿಲ್ಲವಾ?"

ಅವರು ರೇಡಿಯೋದ ದನಿ ತಗ್ಗಿಸಿದರು. "ಒಬ್ಬ ಸವಾರನ ಹೆಂಡತಿ ಅಡುಗೆಮನೆಯಲ್ಲಿ ಕೇಳುತ್ತಿರುತ್ತಾಳೆ. ನನ್ನ ಹಿಂದಿನ ಹಳ್ಳಿ ದಾಟಿದವನು ನನ್ನ ಹಳ್ಳಿಗೆ ಬಂದಿಲ್ಲ. ನಾನು, 'ಇನ್ನೂ ನಮ್ಮಲ್ಲಿಗೆ ಬಂದಿಲ್ಲ' ಎನ್ನಬಹುದು. ಬರುತ್ತಾನೆ ಎನ್ನಬಾರದು, ಬಿದ್ದಿರಬಹುದು ಎನ್ನಬಾರದು. ನಮಗೆ ಇದ್ದ ನಿಯಮ ಅದೊಂದೇ. ಕಣ್ಣ ಮುಂದೆ ಹಾದದ್ದನ್ನು ಹೇಳು, ಉಳಿದದ್ದನ್ನು ಮುಂದಿನವನಿಗೆ ಬಿಡು."

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬೆಂಚು, ಬೇವಿನ ಮರ, ಲಾಡು, ಶೋರೂಮು, ಯಾವುದನ್ನೂ ಬಿಡಲಿಲ್ಲ. ಹತ್ತು ವರ್ಷ ಹೆಂಡತಿಗೂ ಹೇಳದಿದ್ದದ್ದನ್ನು ಪರದೇಶದ ಗೋಡೆಯ ಮೇಲೆ ಕೂತು, ಹಸಿದ ಹೊಟ್ಟೆಯಲ್ಲಿ, ಪರಿಚಯವಿಲ್ಲದವರಿಗೆ ಹೇಳಿದೆ. ಹ್ಯಾರಿ ನಗಲಿಲ್ಲ. ಅದು ಯಾವ ವರ್ಷ ಎಂದಷ್ಟೇ ಕೇಳಿದರು.

ರಸ್ತೆ ತೆರೆದ ಮೇಲೆ ಹತ್ತಿರದಲ್ಲೇ ಇದ್ದ ಅವರ ಮನೆಗೆ ಕರೆದೊಯ್ದರು. ಒಂದು ಪೆಟ್ಟಿಗೆ ತುಂಬ ರೇಸಿನ ಪುಸ್ತಕಗಳು. ಆ ವರ್ಷದ್ದನ್ನು ತೆಗೆದು ಬೆರಳಿಟ್ಟು ತೋರಿಸಿದರು. ನಲವತ್ತೊಂದು, ಕೊನೆಯ ಸುತ್ತು, ಹಾದು ಹೋದ ಹೊತ್ತು. ಮುಂದೆ ಖಾಲಿ.

"ನನ್ನ ಮುಂದೆ ಹಾದು ಹೋದ, ಚೆನ್ನಾಗಿ ಓಡಿಸುತ್ತಿದ್ದ. ಅವನು ಗೆದ್ದವನಲ್ಲ ಎಂಬುದು ನನಗೆ ಗೊತ್ತು. ಬೆಟ್ಟದ ಮೇಲೆ ಏನಾಯಿತು ಎಂಬುದನ್ನು ಅವನೇ ಹೇಳಬೇಕು. ಅವನ ಹೆಸರು ಅಲನ್. ರ‍್ಯಾಮ್ಸಿಯಲ್ಲಿ ಬಸ್ಸು ರಿಪೇರಿ ಮಾಡುತ್ತಾನೆ" ಎಂದರು.

ಬದುಕಿದ್ದಾನೆ ಎಂದು ಕೇಳಿ ಅಲ್ಲೇ ಇನ್ನೊಮ್ಮೆ ಕೈ ಮುಗಿದೆ. ಗೆದ್ದವನಲ್ಲ ಎಂಬುದು ಒಳಗೆ ಇಳಿದದ್ದು ವಾಪಸು ಬರುವ ಬಸ್ಸಿನಲ್ಲಿ.

ರ‍್ಯಾಮ್ಸಿ

ಬಸ್ಸಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು. ನಲವತ್ತೊಂದನೇ ನಂಬರನ್ನು ನಾನು ಮೊದಲು ಕಂಡದ್ದು ಹಾಗೆ. ಮಲ್ಲಪ್ಪಣ್ಣನವರನ್ನು ಮೊದಲು ಕಂಡದ್ದೂ ಹಾಗೆಯೇ.

ಅಲನ್ ಹೊರಗೆ ಸರಿದು ಬಂದು, ಕೈ ಒರೆಸಿಕೊಂಡು, ನಾನು ಹೇಳಿದ್ದನ್ನು ಕೊನೆಯ ತನಕ ಕೇಳಿದ. ಐವತ್ತರ ಆಸುಪಾಸಿನ ಕುಳ್ಳ ಮನುಷ್ಯ. ಲಾಡು ಎಂದರೇನು ಎಂದು ಒಂದು ಸಲ ಕೇಳಿದ, ಅಷ್ಟೆ. ಆಮೇಲೆ ಆ ದಿನದ್ದನ್ನು ಹೇಳಿದ. ಬೆಟ್ಟದ ನೆತ್ತಿ ದಾಟುತ್ತಲೇ ಚೈನು ತುಂಡಾಗಿತ್ತು. ಇಳಿಜಾರಿನಲ್ಲಿ ಬೈಕನ್ನು ಹಾಗೇ ಉರುಳಿಸಿಕೊಂಡು ಬಂದ. ನೆಲ ಸಮವಾದಲ್ಲಿಂದ ಕೊನೆಯ ಮೈಲನ್ನು ಹೆಲ್ಮೆಟ್ಟು ತೋಳಿಗೆ ಸಿಕ್ಕಿಸಿಕೊಂಡು ತಳ್ಳಿದ. ಮುಟ್ಟುವ ಹೊತ್ತಿಗೆ ಬಹುಮಾನ ಕೊಟ್ಟು ಮುಗಿದಿತ್ತು. ರೇಡಿಯೋದವರು ವಂದನೆ ಹೇಳಿ ಮೈಕು ಬಿಚ್ಚಿ ಗಾಡಿಗೆ ತುಂಬುತ್ತಿದ್ದರು. ಅವನು ಗೆರೆ ದಾಟಿದ್ದನ್ನು ನೋಡಿದವರು ಅವನ ಹೆಂಡತಿ ಮತ್ತು ಕಸ ಗುಡಿಸುವ ಇಬ್ಬರು.

"ಯಾಕೆ ತಳ್ಳಿದಿರಿ? ಹೇಗೂ ಲೆಕ್ಕಕ್ಕಿರಲಿಲ್ಲವಲ್ಲ."

"ನಾನು ಕಟ್ಟಿದ ಬೈಕು. ಬೆಟ್ಟದ ಮೇಲೆ ಬಿಟ್ಟು ಬರಲಾ?"

ಪಾನಾ ಕೊಟ್ಟೆ. ಅವನು ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಮೆಕ್ಯಾನಿಕ್ಕುಗಳು ನೋಡುವುದೇ ಹಾಗೆ, ಕಣ್ಣಿಗಿಂತ ಮೊದಲು ಬೆರಳು. "ಗೆದ್ದವನಿಗೆ ಎಂದು ಕೊಟ್ಟದ್ದಾದರೆ ನನಗೆ ಬೇಡ. ನಡೆದದ್ದನ್ನು ಅವರಿಗೆ ಹೇಳುವುದಾದರೆ ಇಟ್ಟುಕೊಳ್ಳುತ್ತೇನೆ" ಎಂದ.

ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಮತ್ತೆ ನಂಜನಗೂಡು

ಬಂದ ಮೂರನೆಯ ದಿನ ಹೇಳಿದೆ. ಮಲ್ಲಪ್ಪಣ್ಣ ಒಂದು ಕಾರ್ಬುರೇಟರ್ ಬಿಚ್ಚುತ್ತಿದ್ದರು. ನಲವತ್ತೊಂದನೇ ನಂಬರಿನವನು ಗೆಲ್ಲಲಿಲ್ಲ, ಚೈನು ತುಂಡಾಗಿ ಬೈಕು ತಳ್ಳಿಕೊಂಡು ಗೆರೆ ದಾಟಿದ, ರೇಡಿಯೋ ಆವತ್ತು ನಿಂತುಹೋಗಿತ್ತು, ಉಳಿದದ್ದೆಲ್ಲ ನಾನು ಕಟ್ಟಿದ್ದು ಎಂದೆ. ಅವರು ತಲೆ ಎತ್ತಲಿಲ್ಲ.

"ಎಷ್ಟು ಐಕ್ಳಿಗೆ ಯೋಳಿವ್ನಿ ಗೊತ್ತಾ ಮೇಷ್ಟ್ರೆ? ನಿಮ್ ಮುಂದೇನೇ ಯೋಳಿವ್ನಿ. ನೀವು ತಲೆ ಆಡಿಸ್ಕಂಡು ಕೂತಿದ್ರಿ." ಕಾರ್ಬುರೇಟರನ್ನು ಇನ್ನೊಂದು ಬದಿಗೆ ತಿರುಗಿಸಿ, "ನಿಮ್ ಬಸ್ಸು ಬಂತು, ಓಗಿ" ಎಂದರು. ಬಸ್ಸು ಬಂದಿರಲಿಲ್ಲ.

ಒಂದು ತಿಂಗಳು ನಾನು ಬಸ್ ಸ್ಟ್ಯಾಂಡಿನ ಒಳಗೇ ನಿಂತು ಕಾದೆ. ಅಂಗಡಿಯ ಕಡೆ ತಿರುಗಿ ನೋಡಲು ಮುಖವಿರಲಿಲ್ಲ. ಹೊರದೇಶ ನೋಡಿ ಬಂದವನೆಂದು ಶಾಲೆಯಲ್ಲಿ ಹಾರ ಹಾಕಿ ಭಾಷಣ ಮಾಡಿಸಿದರು. ಹಡಗು, ಮಂಜು, ಅಜ್ಜಿಯ ಮೀನು ಎಲ್ಲ ಹೇಳಿದೆ. ಇದೊಂದನ್ನು ಬಿಟ್ಟು.

ಆಮೇಲೊಂದು ಶನಿವಾರ ಟೀ ಅಂಗಡಿಯವನು ಬಂದು, ಮಲ್ಲಪ್ಪಣ್ಣ ಕರೀತಾವ್ರೆ ಎಂದ. ಹೋದರೆ ಬೆಂಚಿನ ತುಂಬ ಜನ. ಆವತ್ತು ಲಾಡು ತಿಂದವರಲ್ಲಿ ಸಿಕ್ಕವರನ್ನೆಲ್ಲ ಕರೆಸಿದ್ದರು, ಕೆಲಸ ಕಲಿತು ಬೇರೆ ಅಂಗಡಿ ಇಟ್ಟವರನ್ನೂ. ರೇಡಿಯೋ ಇರಲಿಲ್ಲ. ಅದರ ಜಾಗದಲ್ಲಿ ಆಯಿಲ್ ಡಬ್ಬಗಳಿದ್ದವು.

"ನಂಗೆ ಯೋಳಿದ್ನ ಇವ್ರ್‌ಗೂ ಯೋಳಿ ಸಾ" ಎಂದರು.

ನಾನು ನಿಂತುಕೊಂಡೇ ಹೇಳಿದೆ. ಮೊದಲು ನನ್ನ ತಪ್ಪು, ಆಮೇಲೆ ಅಲನ್ ಹೇಳಿದ್ದು. ಸೇತುವೆಗೆ ಬಲಾಫ್ ಎಂದೇ ಅಂದೆ, ಬೆಟ್ಟಕ್ಕೆ ಅಲ್ಲಿಯ ಬೆಟ್ಟವೆಂದೇ ಅಂದೆ. ಯಾರೂ ಹೊಳೆಯ ಕಡೆ ಕತ್ತು ತಿರುಗಿಸಲಿಲ್ಲ, ಆದರೆ ಯಾರೂ ಎದ್ದು ಹೋಗಲೂ ಇಲ್ಲ. ಒಬ್ಬ ಹಳೆಯ ಶಿಷ್ಯ, "ತಳ್ಕಂಡೇ ಬಂದ್ನಾ ಸಾ?" ಎಂದು ಎರಡು ಸಲ ಕೇಳಿದ. ಹೌದು ಎಂದೆ.

ಎಲ್ಲರೂ ಹೋದ ಮೇಲೆ ಮಲ್ಲಪ್ಪಣ್ಣ ಅಂಗಡಿಯ ಕದ ಅರ್ಧ ಎಳೆದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು.

"ಮಾರ್ನೆ ದಿನ ಏನ್ ಮಾಡುದ್ನಂತೆ ಅವ್ನು?"

"ಹೊಸ ಚೈನು ಹಾಕಿ, ಅದೇ ಬೈಕಿನಲ್ಲಿ ಕೆಲಸಕ್ಕೆ ಹೋದನಂತೆ. ಅವನೇ ಹೇಳಿದ್ದು."

ಅವರು ತಲೆಯಾಡಿಸಿದರು. ಬೆರಳ ಸಂದಿಯ ಗ್ರೀಸನ್ನು ಬಟ್ಟೆಯಿಂದ ಒಂದೊಂದಾಗಿ ಒರೆಸಿಕೊಂಡರು.

"ಆವತ್ತು ಇದ್ನೇ ಯೋಳಿದ್ರೂ ನಾನು ಇಲ್ಲೇ ಉಳ್ಕತಿದ್ದೆ ಕಣ್ ಮೇಷ್ಟ್ರೆ" ಎಂದರು.